ಕೇಸ್ ಸ್ಪರ್ಧೆ: ಬಹುಮಾನಕ್ಕಿಂತ ಪ್ರಶ್ನೆಯೇ ದೊಡ್ಡದು

ಬೆಂಗಳೂರು: ವೇದಿಕೆಯ ಮೇಲೆ ನಾಲ್ವರು ವಿದ್ಯಾರ್ಥಿಗಳು. ಕಪ್ಪು ಕೋಟು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದಿನ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳು. ನಗರದ ಮ್ಯಾನೇಜ್‌ಮೆಂಟ್ ಕಾಲೇಜೊಂದರಲ್ಲಿ ಕೆಲವು ತಿಂಗಳ ಹಿಂದೆ ನಡೆದ ಕೇಸ್ ಸ್ಪರ್ಧೆಯ ಅಂತಿಮ ಸುತ್ತು ಅದು. ರಾಜ್ಯದಲ್ಲಿ ಹಾಲು ಅಗತ್ಯಕ್ಕಿಂತ ಹೆಚ್ಚು ಬರುತ್ತಿರುವಾಗ ಹಾಲು ಮಹಾಮಂಡಳ ಏನು ಮಾಡಬೇಕು ಎಂಬುದು ಸ್ಪರ್ಧಿಗಳಿಗೆ ಕೊಟ್ಟ ವಿಷಯ. ತಂಡ ಹನ್ನೆರಡು ನಿಮಿಷದಲ್ಲಿ ಹದಿನಾರು ಸ್ಲೈಡುಗಳನ್ನು ತೋರಿಸಿತು. ಹೊಸ ಬ್ರಾಂಡು, ಮೊಬೈಲ್ ಆ್ಯಪ್, ಮನೆಬಾಗಿಲಿಗೆ ಹಾಲು, ಉತ್ತರ ಭಾರತದ ಮಾರುಕಟ್ಟೆ, ಎಲ್ಲವೂ ಅಚ್ಚುಕಟ್ಟು. ಸಭಿಕರು ಚಪ್ಪಾಳೆ ತಟ್ಟಿದರು.

ಆಮೇಲೆ ತೀರ್ಪುಗಾರರಲ್ಲಿ ಒಬ್ಬರು ಒಂದೇ ಒಂದು ಪ್ರಶ್ನೆ ಕೇಳಿದರು. ನಿಮ್ಮ ಈ ಯೋಜನೆ ಫಲ ಕೊಡಲು ಒಂದು ವರ್ಷ ಬೇಕು, ನಾಳೆ ಬೆಳಗಿನ ಜಾವ ಐದೂವರೆಗೆ ಕ್ಯಾನು ಹಿಡಿದು ಸಂಘದ ಮುಂದೆ ನಿಲ್ಲುವ ರೈತನಿಗೆ ಏನು ಹೇಳುತ್ತೀರಿ ಎಂದು. ನಾಲ್ವರೂ ಪರಸ್ಪರ ಮುಖ ನೋಡಿಕೊಂಡರು. ಉತ್ತರ ಬರಲಿಲ್ಲ.

ಆ ತಂಡಕ್ಕೆ ಎರಡನೇ ಬಹುಮಾನ ಬಂತು. ಕಾರ್ಯಕ್ರಮ ಮುಗಿದ ಬಳಿಕ ಕ್ಯಾಂಟೀನಿನಲ್ಲಿ ಸಿಕ್ಕ ತಂಡದ ಸದಸ್ಯೆಯೊಬ್ಬರು ಈ ವರದಿಗಾರನಿಗೆ ಹೇಳಿದ ಮಾತು ಮಾತ್ರ ಬಹುಮಾನಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ. ಅವರ ಅಜ್ಜಿಯ ಮನೆಯಲ್ಲಿ ಎರಡು ಹಸುಗಳಿವೆ. ಡೈರಿಗೆ ಹಾಲು ಹಾಕುವುದನ್ನು ನೋಡುತ್ತಲೇ ಅವರು ಬೆಳೆದವರು. ಆದರೆ ಸ್ಲೈಡು ಮಾಡಿದ ಆ ಎರಡು ರಾತ್ರಿಗಳಲ್ಲಿ ಅದೊಂದೂ ಅವರ ನೆನಪಿಗೆ ಬರಲಿಲ್ಲವಂತೆ.

ಬಿ-ಸ್ಕೂಲುಗಳ ಕೇಸ್ ಸ್ಪರ್ಧೆಗಳಿಂದ ವಿದ್ಯಾರ್ಥಿಗಳಿಗೆ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಮಾತಿನಲ್ಲಿಯೇ. ಪ್ರಯೋಜನ ಖಂಡಿತ ಇದೆ. ಆದರೆ ಅದು ಬಹುಮಾನದ ಚೆಕ್ಕಿನಲ್ಲಿಯೋ, ಬಯೋಡೇಟಾದ ಒಂದು ಸಾಲಿನಲ್ಲಿಯೋ ಇಲ್ಲ. ಆ ಒಂದು ಪ್ರಶ್ನೆಯ ಮುಂದೆ ಮೌನವಾಗಿ ನಿಂತ ಗಳಿಗೆಯಲ್ಲಿದೆ. ಆ ಗಳಿಗೆ ರಾಜ್ಯದ ಎಷ್ಟು ವಿದ್ಯಾರ್ಥಿಗಳಿಗೆ ಒದಗುತ್ತಿದೆ ಎಂಬುದೇ ಈಗ ಚರ್ಚೆಯಾಗಬೇಕಾದ ವಿಷಯ.

ನ್ಯಾಯಶಾಸ್ತ್ರದಿಂದ ಬಂದ ಪದ್ಧತಿ

ಕೇಸ್ ಎಂದೊಡನೆ ಕೋರ್ಟು, ಮೊಕದ್ದಮೆ ನೆನಪಾಗುವುದು ಸಹಜ. ಈ ಪದ್ಧತಿಯ ಬೇರು ಇರುವುದೂ ಅಲ್ಲಿಯೇ. 1870ರಲ್ಲಿ ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಅವರು ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಬದಲು ನಿಜವಾದ ತೀರ್ಪುಗಳನ್ನೇ ವಿದ್ಯಾರ್ಥಿಗಳ ಮುಂದಿಟ್ಟು ಪ್ರಶ್ನೆ ಕೇಳತೊಡಗಿದರು. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೆ 1919ರಲ್ಲಿ ವ್ಯಾಲೇಸ್ ಡೊನ್‌ಹ್ಯಾಮ್ ಡೀನ್ ಆದರು. ಅವರು ಕಾನೂನು ಓದಿದವರು. ಅದೇ ಕ್ರಮವನ್ನು ವ್ಯಾಪಾರ ಶಿಕ್ಷಣಕ್ಕೂ ತಂದರು. 1920ರ ದಶಕದಲ್ಲಿ ಅದು ಆ ಸಂಸ್ಥೆಯ ಗುರುತೇ ಆಗಿಹೋಯಿತು.

ಭಾರತಕ್ಕೆ ಈ ಪದ್ಧತಿ ಬಲವಾಗಿ ಕಾಲಿಟ್ಟದ್ದು 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಐಐಎಂ ಮೂಲಕ. ಅದಕ್ಕೆ ಆರಂಭದ ವರ್ಷಗಳಲ್ಲಿ ಹಾರ್ವರ್ಡಿನ ಸಹಯೋಗವಿತ್ತು. 1973ರಲ್ಲಿ ಬೆಂಗಳೂರಿಗೂ ಐಐಎಂ ಬಂತು. ಇಂದು ರಾಜ್ಯದ ಯಾವುದೇ ಎಂಬಿಎ ಪಠ್ಯಕ್ರಮವನ್ನು ತೆರೆದು ನೋಡಿದರೂ ಕೇಸ್ ಸ್ಟಡಿ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಆದರೆ ಬಹುತೇಕ ಕಡೆ ಅದು ಪರೀಕ್ಷೆಯ ಕೊನೆಯ ಪ್ರಶ್ನೆಯಾಗಿ, ಒಂದು ಪುಟದ ಕಥೆಯೂ ನಾಲ್ಕು ಉಪಪ್ರಶ್ನೆಗಳೂ ಆಗಿ ಉಳಿದಿದೆ ಎಂಬುದು ಬೇರೆ ಮಾತು.

ಕೇಸ್ ಎಂದರೆ ಒಂದು ಸಂಸ್ಥೆ, ಒಂದು ಬಿಕ್ಕಟ್ಟು, ಒಂದು ತೀರ್ಮಾನದ ಗಡುವು. ಕೈಯಲ್ಲಿ ಇರುವ ಮಾಹಿತಿ ಅರ್ಧಂಬರ್ಧ. ಸರಿಯಾದ ಉತ್ತರ ಒಂದೇ ಎಂಬುದಿಲ್ಲ, ಸಮರ್ಥಿಸಿಕೊಳ್ಳಬಲ್ಲ ಉತ್ತರ ಮತ್ತು ಸಮರ್ಥಿಸಿಕೊಳ್ಳಲಾಗದ ಉತ್ತರ ಎಂಬ ಭೇದವಿದೆ, ಅಷ್ಟೆ. ಇದೇ ಚರ್ಚೆ ತರಗತಿಯ ಗೋಡೆ ದಾಟಿ, ಗಡಿಯಾರ ಮತ್ತು ತೀರ್ಪುಗಾರರನ್ನು ಸೇರಿಸಿಕೊಂಡಾಗ ಕೇಸ್ ಸ್ಪರ್ಧೆಯಾಯಿತು.

ಅಖಾಡಕ್ಕಿಳಿದ ತರಗತಿ

ಈ ಸ್ಪರ್ಧೆಗಳ ಹಳೆಯ ನೆಲೆ ಕೆನಡಾ. ಅಲ್ಲಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ 1978ರಿಂದಲೂ ಪದವಿ ವಿದ್ಯಾರ್ಥಿಗಳ ಅಂತರ ಕಾಲೇಜು ಸ್ಪರ್ಧೆ ನಡೆಯುತ್ತಿದೆ. ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಜಾನ್ ಮೋಲ್ಸನ್ ಎಂಬಿಎ ಸ್ಪರ್ಧೆ 1981ರಲ್ಲಿ ಆರಂಭವಾಗಿ ಆಮೇಲೆ ಅಂತರರಾಷ್ಟ್ರೀಯ ಸ್ವರೂಪ ಪಡೆಯಿತು. ಅಲ್ಲಿ ತಂಡವನ್ನು ಕೋಣೆಯೊಳಗೆ ಕೂರಿಸಿ ಮೂರು ಗಂಟೆ ಕೊಡುತ್ತಾರೆ. ಹೊರಬಂದ ಕೂಡಲೇ ತೀರ್ಪುಗಾರರ ಮುಂದೆ ವಾದ ಮಂಡಿಸಬೇಕು. ಒಂದು ಸುತ್ತಿನಲ್ಲಿ ಕಂಪನಿಯೊಂದರ ಅಧಿಕಾರಿಯೇ ಬಂದು ತಮ್ಮ ಸಂಸ್ಥೆ ಸದ್ಯ ಎದುರಿಸುತ್ತಿರುವ ಸಮಸ್ಯೆಯನ್ನು ಬಿಡಿಸಿಡುತ್ತಾರೆ. ಸಿದ್ಧ ಉತ್ತರ ಯಾರ ಬಳಿಯೂ ಇರುವುದಿಲ್ಲ.

ಕಂಪನಿಗಳು ಈ ಅಖಾಡಕ್ಕೆ ಇಳಿಯಲು ತಡವಾಗಲಿಲ್ಲ. ಸೌಂದರ್ಯವರ್ಧಕ ಸಂಸ್ಥೆ ಲೊರಿಯಲ್ ತನ್ನ ಬ್ರಾಂಡ್‌ಸ್ಟಾರ್ಮ್ ಸ್ಪರ್ಧೆಯನ್ನು 1992ರಲ್ಲಿಯೇ ಶುರುಮಾಡಿತು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಯುನಿಲಿವರ್‌ನ ಲೈಮ್ 2009ರಿಂದ ನಡೆಯುತ್ತ ಬಂದಿದೆ. ಮಹೀಂದ್ರಾ ಸಮೂಹದ ವಾರ್ ರೂಮ್, ಐಟಿಸಿಯ ಇಂಟರಾಬ್ಯಾಂಗ್, ಫ್ಲಿಪ್‌ಕಾರ್ಟ್‌ನ ವೈರ್ಡ್, ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಸಾಮಾಜಿಕ ಉದ್ಯಮಗಳಿಗೆಂದೇ 2010ರಲ್ಲಿ ಆರಂಭವಾದ ಹಲ್ಟ್ ಪ್ರೈಜ್‌ನ ಬಹುಮಾನ ಹತ್ತು ಲಕ್ಷ ಡಾಲರ್. ಹಿಂದೆ ಡೇರ್ ಟು ಕಂಪೀಟ್ ಎಂಬ ಹೆಸರಿದ್ದ ಅನ್‌ಸ್ಟಾಪ್‌ನಂಥ ತಾಣಗಳಲ್ಲಿ ವರ್ಷವಿಡೀ ಇಂಥ ಸ್ಪರ್ಧೆಗಳ ಸುಗ್ಗಿ.

ಕಂಪನಿಗಳಿಗೆ ಇದರಿಂದೇನು ಲಾಭ? ಲೆಕ್ಕ ಸರಳವಾಗಿದೆ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿಸಿ ಅಭ್ಯರ್ಥಿಯನ್ನು ಅಳೆಯುವುದು ಕಷ್ಟ. ಸ್ಪರ್ಧೆಯಲ್ಲಿಯಾದರೆ ವಾರಗಟ್ಟಲೆ ಅವರು ಕೆಲಸ ಮಾಡುವ ರೀತಿ, ತಂಡದಲ್ಲಿ ನಡೆದುಕೊಳ್ಳುವ ರೀತಿ, ಪ್ರಶ್ನೆ ಬಂದಾಗ ಸಿಟ್ಟಾಗುವ ಅಥವಾ ತಾಳಿಕೊಳ್ಳುವ ರೀತಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದಲೇ ಗೆದ್ದವರಿಗೆ, ಅಂತಿಮ ಸುತ್ತು ತಲುಪಿದವರಿಗೆ, ಕ್ಯಾಂಪಸ್ ನೇಮಕಾತಿ ಆರಂಭವಾಗುವ ಮೊದಲೇ ಸಂದರ್ಶನದ ಕರೆ ಬರುತ್ತದೆ. ವಿದ್ಯಾರ್ಥಿಗಳ ಭಾಷೆಯಲ್ಲಿ ಇದು ಪಿಪಿಐ. ಜತೆಗೆ ಸಾವಿರಾರು ಚುರುಕು ತಲೆಗಳು ತಮ್ಮ ಉತ್ಪನ್ನದ ಬಗ್ಗೆ ಪುಕ್ಕಟೆಯಾಗಿ ಯೋಚಿಸುವುದೂ ಕಂಪನಿಗೆ ನಷ್ಟದ ಬಾಬತ್ತೇನಲ್ಲ.

ವಿದ್ಯಾರ್ಥಿಗಳ ಕಡೆಯಿಂದ ನೋಡಿದರೂ ಆಕರ್ಷಣೆ ಅರ್ಥವಾಗುವಂಥದ್ದೇ. ದೇಶದ ಪ್ರತಿಷ್ಠಿತ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿ ದಾಟಿದೆ. ಬಹುಪಾಲು ಮಂದಿ ಬ್ಯಾಂಕಿನ ಸಾಲ ಮಾಡಿ ಓದುತ್ತಾರೆ. 2023ರಿಂದೀಚೆಗೆ ಐಟಿ ಮತ್ತು ಸಲಹಾ ಸಂಸ್ಥೆಗಳ ನೇಮಕಾತಿ ಮಂದಗತಿಗೆ ಇಳಿದದ್ದನ್ನು ಕಂಡವರಿಗೆ, ನೌಕರಿಗೆ ಇರುವ ಯಾವ ಹಿಂಬಾಗಿಲೂ ಚಿಕ್ಕದಲ್ಲ. ಹೀಗಾಗಿ ಕಲಿಯುವ ಸಾಧನವಾಗಿ ಹುಟ್ಟಿದ ಸ್ಪರ್ಧೆ ನೌಕರಿಯ ಮೆಟ್ಟಿಲಾಗಿ ಮಾರ್ಪಟ್ಟಿದೆ.

ಹಾಲಿನ ಲೆಕ್ಕ ಕಲಿಸುವ ಪಾಠ

ಹಾಗಾದರೆ ಒಳ್ಳೆಯ ಕೇಸ್ ಏನು ಕಲಿಸಬಲ್ಲದು? ಮೊದಲು ಹೇಳಿದ ಹಾಲಿನ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಇದಕ್ಕಿಂತ ಒಳ್ಳೆಯ ಕೇಸ್ ಹಾರ್ವರ್ಡಿನ ಕಪಾಟಿನಲ್ಲಿ ಹುಡುಕಬೇಕಾಗಿಲ್ಲ.

2024ರ ಜೂನ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳದ ದೈನಂದಿನ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಸಾಧನೆ ದೊಡ್ಡದೇ. ಆದರೆ ಅಷ್ಟು ಹಾಲನ್ನು ಅಂದಂದೇ ಮಾರುವುದು ಹೇಗೆ? ಅದೇ ತಿಂಗಳು ಮಹಾಮಂಡಳ ಪ್ರತಿ ಪ್ಯಾಕೆಟ್ಟಿಗೆ 50 ಮಿಲಿ ಲೀಟರ್ ಹಾಲು ಹೆಚ್ಚಿಸಿ, ದರವನ್ನು 2 ರೂಪಾಯಿ ಏರಿಸಿತು. 42 ರೂಪಾಯಿಯ ಒಂದು ಲೀಟರ್ ಪ್ಯಾಕೆಟ್ 44 ರೂಪಾಯಿಯ 1,050 ಮಿಲಿ ಲೀಟರ್ ಆಯಿತು. ಭಾಗಿಸಿ ನೋಡಿದರೆ ಲೀಟರಿನ ದರ ಹೆಚ್ಚಲಿಲ್ಲ, ಕೆಲವು ಪೈಸೆ ಕಡಿಮೆಯೇ ಆಯಿತು. ಇದು ದರ ಏರಿಕೆಯಲ್ಲ ಎಂದು ಸರ್ಕಾರ ಹೇಳಿದ್ದು ಈ ಲೆಕ್ಕದ ಮೇಲೆ. ದಿನಕ್ಕೆ ಒಂದೇ ಪ್ಯಾಕೆಟ್ ಕೊಳ್ಳುವ ಗೃಹಿಣಿಯ ಲೆಕ್ಕ ಬೇರೆ. ಆಕೆಗೆ ಹೆಚ್ಚುವರಿ ಹಾಲು ಬೇಕಿತ್ತೋ ಇಲ್ಲವೋ, ಕೈಯಿಂದ ತಿಂಗಳಿಗೆ 60 ರೂಪಾಯಿ ಹೆಚ್ಚಿಗೆ ಹೋಯಿತು. ಎರಡು ಲೆಕ್ಕಗಳೂ ಸರಿ. ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸುವವನೇ ಮ್ಯಾನೇಜರ್.

ಕೇಸ್ ಇಲ್ಲಿಗೆ ಮುಗಿಯುವುದಿಲ್ಲ. ಖಾಸಗಿ ಡೈರಿಯಾದರೆ ಬೇಡಿಕೆ ಕುಸಿದ ದಿನ ಖರೀದಿ ಕಡಿಮೆ ಮಾಡೀತು. ಸಹಕಾರ ಸಂಘದ ಮಾತು ಹಾಗಲ್ಲ. ಹಾಲು ಹಾಕುವ ರೈತನೇ ಅಲ್ಲಿ ಸದಸ್ಯ, ಅವನೇ ಒಡೆಯ. ಅವನು ತಂದ ಹಾಲನ್ನು ಕೊಳ್ಳುವುದಕ್ಕೆಂದೇ ಸಂಘ ಹುಟ್ಟಿದ್ದು. ಅದನ್ನು ಬೇಡವೆನ್ನುವುದು ಅಷ್ಟು ಸುಲಭವಲ್ಲ. ಉಳಿದ ಹಾಲನ್ನು ಪುಡಿ ಮಾಡಬಹುದು, ಬೆಣ್ಣೆ ಮಾಡಬಹುದು. ಆದರೆ ಪುಡಿಯ ಪೇಟೆ ದರ ಬಿದ್ದಿದ್ದರೆ ಪ್ರತಿ ಚೀಲವೂ ನಷ್ಟದ ಚೀಲ. ಖರೀದಿ ದರ ಇಳಿಸಿದರೆ ಹಿಂಡಿ, ಬೂಸಾ ಕೊಳ್ಳುವ ರೈತನಿಗೆ ಹಸು ಸಾಕುವುದೇ ಭಾರ. ಮಾರಾಟ ದರ ಏರಿಸಲು ಸರ್ಕಾರದ ಒಪ್ಪಿಗೆಯ ಮುಖ ನೋಡಬೇಕು. ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ, ಶಾಲಾ ಮಕ್ಕಳಿಗೆ ಹಾಲು ಕೊಡುವ 2013ರ ಕ್ಷೀರಭಾಗ್ಯ, ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ.

ಮುಂದೇನಾಯಿತು ಎಂಬುದು ಎಲ್ಲರೂ ಬಲ್ಲ ಸಂಗತಿ. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿ ಮಾರುಕಟ್ಟೆಗೆ ಹೋಯಿತು. 2025ರ ಏಪ್ರಿಲ್ 1ರಿಂದ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು, ಹೆಚ್ಚುವರಿ 50 ಮಿಲಿ ಲೀಟರ್ ಹಿಂದಕ್ಕೆ ಹೋಗಿ ಪ್ಯಾಕೆಟ್ ಹಳೆಯ ಅಳತೆಗೆ ಮರಳಿತು. ಏರಿಸಿದ ಹಣ ರೈತರಿಗೇ ಸಲ್ಲುತ್ತದೆಂದು ಸರ್ಕಾರ ಹೇಳಿತು. ಹಾಗಾದರೆ 2024ರ ಜೂನ್‌ನ ತೀರ್ಮಾನ ಸರಿಯಿತ್ತೇ? ಇನ್ನೊಂದು ದಾರಿ ಇತ್ತೇ? 20 ಲಕ್ಷಕ್ಕೂ ಹೆಚ್ಚು ಹಾಲು ಉತ್ಪಾದಕರ ಬದುಕನ್ನು ಮುಟ್ಟುವ ಪ್ರಶ್ನೆ ಇದು.

ಇಂಥ ಕೇಸ್ ಕೈಗೆತ್ತಿಕೊಂಡ ವಿದ್ಯಾರ್ಥಿ ಮೂರು ಸಂಗತಿಗಳನ್ನು ಕಲಿಯುತ್ತಾನೆ. ಒಂದು, ಲೆಕ್ಕಪತ್ರ, ಮಾರುಕಟ್ಟೆ, ಕಾನೂನು, ರಾಜಕೀಯ ಎಂದು ಪಠ್ಯಕ್ರಮ ಬೇರೆ ಬೇರೆ ಮಾಡಿಟ್ಟ ವಿಷಯಗಳು ನಿಜ ಜೀವನದಲ್ಲಿ ಒಂದೇ ಕ್ಯಾನಿನೊಳಗೆ ಇರುತ್ತವೆ ಎಂಬುದು. ಎರಡು, ಎಲ್ಲ ಮಾಹಿತಿ ಸಿಗುವವರೆಗೆ ಕಾಯುತ್ತ ಕೂತರೆ ಹಾಲು ಒಡೆದುಹೋಗುತ್ತದೆ, ಇದ್ದಷ್ಟರಲ್ಲಿಯೇ ತೀರ್ಮಾನಕ್ಕೆ ಬರಬೇಕು ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಾನು ಹೇಳಿದ್ದನ್ನು ಅಪರಿಚಿತರೊಬ್ಬರು ಸಭೆಯಲ್ಲಿ ಕೆದಕಿದಾಗ ಸಮರ್ಥಿಸಿಕೊಳ್ಳುವುದು, ತಪ್ಪಿದ್ದರೆ ಒಪ್ಪಿಕೊಳ್ಳುವುದು. ತರಗತಿಯಲ್ಲಿ ಮೇಷ್ಟ್ರು ಅಂಕ ಕಳೆಯುತ್ತಾರೆ, ಆದರೆ ಹೀಗೆ ಎದುರು ನಿಂತು ಕೆದಕುವುದು ಅಪರೂಪ.

ವೇದಿಕೆಯ ಮಿತಿ

ಈ ಪದ್ಧತಿಯ ಮೇಲೆ ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ಮಾಂಟ್ರಿಯಲ್‌ನದೇ ಮತ್ತೊಂದು ವಿಶ್ವವಿದ್ಯಾಲಯವಾದ ಮೆಕ್‌ಗಿಲ್‌ನ ಪ್ರಾಧ್ಯಾಪಕ ಹೆನ್ರಿ ಮಿಂಟ್ಸ್‌ಬರ್ಗ್ 2004ರಲ್ಲಿ ಪ್ರಕಟಿಸಿದ 'ಮ್ಯಾನೇಜರ್ಸ್ ನಾಟ್ ಎಂಬಿಎಸ್' ಎಂಬ ಪುಸ್ತಕದಲ್ಲಿ ಎಂಬಿಎ ಶಿಕ್ಷಣವನ್ನು, ಅದರಲ್ಲೂ ಕೇಸ್ ಪದ್ಧತಿಯನ್ನು, ಕಟುವಾಗಿ ವಿಮರ್ಶಿಸಿದರು. ನಿನ್ನೆಯವರೆಗೆ ಹೆಸರೂ ಕೇಳಿರದ ಕಂಪನಿಯ ಬಗ್ಗೆ ಕೆಲವು ಪುಟ ಓದಿ ಇಂದು ಅದರ ಮುಖ್ಯಸ್ಥನಂತೆ ತೀರ್ಮಾನ ಹೇಳುವುದು ಅಪಾಯಕಾರಿ ಅಭ್ಯಾಸ ಎಂಬುದು ಅವರ ವಾದದ ತಿರುಳು. ಕೆಲಸ ಮಾಡುತ್ತ, ನೆಲದ ಅನುಭವದಿಂದ ಬರಬೇಕಾದ ವಿವೇಕವನ್ನು ಕಾಗದದ ಮೇಲಿನ ಜಾಣತನ ತುಂಬಿಕೊಡಲಾರದು ಎನ್ನುತ್ತಾರೆ ಅವರು.

ಕೇಸ್ ಬರೆಯುವವರೂ ಎಡವಬಹುದು ಎಂಬುದಕ್ಕೆ ಎನ್ರಾನ್ ದೊಡ್ಡ ಉದಾಹರಣೆ. 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಗುವ ಮುನ್ನ ಆ ಕಂಪನಿ ಹಾರ್ವರ್ಡಿನ ಕೇಸ್‌ಗಳಲ್ಲಿಯೇ ಹೊಸತನದ ಮಾದರಿಯಾಗಿ ಕಾಣಿಸಿಕೊಂಡಿತ್ತು. ಕಂಪನಿ ಕೊಟ್ಟ ಮಾಹಿತಿಯ ಮೇಲೆಯೇ ಕೇಸ್ ನಿಂತಾಗ ಇಂಥ ಅಪಾಯ ತಪ್ಪಿದ್ದಲ್ಲ. ಕಂಪನಿಗಳೇ ನಡೆಸುವ ಸ್ಪರ್ಧೆಗಳಿಗೂ ಈ ಮಾತು ಅನ್ವಯಿಸುತ್ತದೆ. ತನ್ನ ಶಾಂಪೂ ಇನ್ನಷ್ಟು ಮಾರಾಟವಾಗುವುದು ಹೇಗೆ ಎಂದು ಕಂಪನಿ ಕೇಳುತ್ತದೆಯೇ ಹೊರತು, ಮಾರಬೇಕೇ ಎಂದು ಕೇಳುವುದಿಲ್ಲ. ಅಂಥ ಪ್ರಶ್ನೆ ಎತ್ತಿದ ತಂಡ ಎರಡನೇ ಸುತ್ತಿಗೆ ಹೋದೀತೇ ಎಂಬುದು ಅನುಮಾನ.

ಇನ್ನೊಂದು ದೋಷ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಸ್ಪರ್ಧೆಗಳಲ್ಲಿ ಪದೇ ಪದೇ ಭಾಗವಹಿಸಿದವರಿಗೆ ಗೆಲ್ಲುವ ಅಚ್ಚು ಕರಗತವಾಗುತ್ತದೆ. ಮೊದಲು ಮಾರುಕಟ್ಟೆಯ ಗಾತ್ರ, ಆಮೇಲೆ ಗ್ರಾಹಕನ ಚಿತ್ರ, ನಡುವೆ ಒಂದು ಆಕರ್ಷಕ ಹೆಸರು, ಕೊನೆಗೆ ಮೂರು ಹಂತದ ಕಾರ್ಯಯೋಜನೆ. ವಿಷಯ ಹಾಲಾದರೇನು, ಮೊಬೈಲಾದರೇನು, ಅಚ್ಚು ಒಂದೇ. ಅಜ್ಜಿಯ ಮನೆಯ ಹಸುಗಳು ಮರೆತುಹೋದದ್ದು ಈ ಅಚ್ಚಿನ ಕೆಳಗೆ ಸಿಕ್ಕಿಯೇ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದ ನಮ್ಮ ಹಿರಿಯರು ಸ್ಲೈಡಿಗೆ ಎಷ್ಟು ಕಾಲು ಕೊಡುತ್ತಿದ್ದರೋ ತಿಳಿಯದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಅಚ್ಚಿನ ಬೆಲೆ ಮತ್ತಷ್ಟು ಕುಸಿದಿದೆ. ಎರಡು ರಾತ್ರಿ ನಿದ್ದೆಗೆಟ್ಟು ಮಾಡುತ್ತಿದ್ದ ಸ್ಲೈಡುಗಳನ್ನು ಕೃತಕ ಬುದ್ಧಿಮತ್ತೆ ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ. ಆನ್‌ಲೈನ್ ಮೂಲಕ ಕಡತ ಕಳುಹಿಸುವ ಮೊದಲ ಸುತ್ತುಗಳಲ್ಲಿ ಯಾರು ಯೋಚಿಸಿದವರು, ಯಾರು ಯಂತ್ರಕ್ಕೆ ಯೋಚಿಸಲು ಹೇಳಿದವರು ಎಂದು ಬೇರ್ಪಡಿಸುವುದು ದಿನೇ ದಿನೇ ದುಸ್ತರವಾಗುತ್ತಿದೆ. ಆದರೆ ಕ್ಯಾನು ಹಿಡಿದ ರೈತನ ಬಗ್ಗೆ ಎದುರಾಬದುರು ಕೇಳಿದ ಪ್ರಶ್ನೆಗೆ ಆ ಗಳಿಗೆಯಲ್ಲಿ ಉತ್ತರಿಸಬೇಕಾದವನು ವಿದ್ಯಾರ್ಥಿಯೇ. ಯಂತ್ರ ಬಂದ ಮೇಲೆ ಸ್ಪರ್ಧೆಯ ಬೆಲೆ ಕಡಿಮೆಯಾಯಿತು ಎನ್ನುವವರಿದ್ದಾರೆ. ಕಡಿಮೆಯಾದದ್ದು ಸ್ಲೈಡಿನ ಬೆಲೆ ಮಾತ್ರ. ಪ್ರಶ್ನೋತ್ತರದ ಬೆಲೆ ಏರಿದೆ.

ಗೋಡೆಯ ಹೊರಗೆ ನಿಂತವರು

ಇಷ್ಟೆಲ್ಲ ಪ್ರಯೋಜನವಿರುವ ಅವಕಾಶ ಯಾರಿಗೆ ಸಿಗುತ್ತಿದೆ ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ದೊಡ್ಡ ಕಂಪನಿಗಳ ಹಲವು ಸ್ಪರ್ಧೆಗಳು ಆಯ್ದ ಕ್ಯಾಂಪಸ್‌ಗಳಿಗೆ ಮೀಸಲು. ಪಟ್ಟಿಯಲ್ಲಿ ಕಾಲೇಜಿನ ಹೆಸರಿಲ್ಲದಿದ್ದರೆ ನೋಂದಣಿಯೇ ಇಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ವಿದ್ಯಾರ್ಥಿಗೆ ವಾರಕ್ಕೊಂದು ಆಹ್ವಾನ ಬಂದರೆ, ಪಿಜಿಸಿಇಟಿ ಬರೆದು ಕಲಬುರಗಿ, ದಾವಣಗೆರೆ, ಚಿತ್ರದುರ್ಗದ ಕಾಲೇಜು ಸೇರಿದ ವಿದ್ಯಾರ್ಥಿಗೆ ಅಂಥದ್ದೊಂದು ಇದೆ ಎಂಬ ಸುದ್ದಿಯೂ ತಲುಪದಿರಬಹುದು. ವಿಪರ್ಯಾಸವೆಂದರೆ, ಬಾಗಿಲು ಆಗಲೇ ತೆರೆದಿರುವವರಿಗೆ ಇನ್ನೊಂದು ಬಾಗಿಲು ತೆರೆಯುತ್ತಿದೆ. ಬಾಗಿಲೇ ಇಲ್ಲದವರು ಹೊರಗೇ ಉಳಿಯುತ್ತಿದ್ದಾರೆ.

ಎಲ್ಲರಿಗೂ ಮುಕ್ತವಾದ ಸ್ಪರ್ಧೆಗಳೂ ಇವೆಯಲ್ಲ ಎನ್ನಬಹುದು. ಇವೆ, ನಿಜ. ಆದರೆ ಅಲ್ಲಿ ತಡೆಯೊಡ್ಡುವುದು ಭಾಷೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂ ಮುಗಿಸಿ ಎಂಬಿಎ ಸೇರಿದ ಹುಡುಗನಿಗೆ ಹಾಲಿನ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಬಹುಶಃ ಕಪ್ಪು ಕೋಟಿನ ಆ ನಾಲ್ವರಿಗಿಂತ ಚೆನ್ನಾಗಿಯೇ ಗೊತ್ತಿರುತ್ತದೆ. ಅದನ್ನು ಹನ್ನೆರಡು ನಿಮಿಷದ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಗಂಟಲು ಕಟ್ಟುತ್ತದೆ. ತೀರ್ಪುಗಾರರು ಅಳೆಯುತ್ತಿರುವುದು ವಿಚಾರವನ್ನೋ ಉಚ್ಚಾರವನ್ನೋ ಎಂಬ ಅನುಮಾನ ಬರುವುದು ಇಂಥಲ್ಲಿಯೇ.

ಇದು ಆ ವಿದ್ಯಾರ್ಥಿಗಳೊಬ್ಬರ ನಷ್ಟವಷ್ಟೇ ಅಲ್ಲ. ರಾಜ್ಯದ ಸಹಕಾರ ಸಂಘಗಳು, ಸಣ್ಣ ಕೈಗಾರಿಕೆಗಳು, ಎಪಿಎಂಸಿ ಮಂಡಿಗಳು, ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳು, ಸಾರಿಗೆ ಸಂಸ್ಥೆಗಳು ನಾಳೆ ನೇಮಿಸಿಕೊಳ್ಳುವುದು ಹೆಚ್ಚಾಗಿ ಇವರನ್ನೇ. ದೊಡ್ಡ ಸಂಸ್ಥೆಗಳಲ್ಲಿ ಓದಿದವರು ಮುಂಬೈ, ಗುರುಗ್ರಾಮ, ಸಿಂಗಪುರದ ದಾರಿ ಹಿಡಿದಾಗ ಇಲ್ಲಿನ ಲೆಕ್ಕ ನೋಡಿಕೊಳ್ಳುವವರು ಈ ಕಾಲೇಜುಗಳಿಂದಲೇ ಬರಬೇಕು. ಅವರು ಎರಡು ವರ್ಷ ಓದಿಯೂ ಒಮ್ಮೆಯೂ ಎದುರಿನಿಂದ ಪ್ರಶ್ನೆ ಕೇಳಿಸಿಕೊಳ್ಳದೆ ಪದವಿ ಪಡೆದರೆ ಅದರ ಬೆಲೆ ತೆರುವುದು ನಾವೆಲ್ಲರೂ.

ದಾರಿ ದೂರದಲ್ಲಿಲ್ಲ

ಪರಿಹಾರಕ್ಕೆ ಕಂಪನಿಗಳ ಔದಾರ್ಯವನ್ನು ಕಾಯುತ್ತ ಕೂರಬೇಕಾಗಿಲ್ಲ. ಕೇಸ್ ಸ್ಪರ್ಧೆ ನಡೆಸಲು ಪಂಚತಾರಾ ಹೋಟೆಲ್ ಬೇಡ, ಲಕ್ಷ ರೂಪಾಯಿ ಬಹುಮಾನವೂ ಬೇಡ. ಬೇಕಾದದ್ದು ಒಂದು ಕೋಣೆ, ಒಂದು ಸಮಸ್ಯೆ, ಆ ಸಮಸ್ಯೆಯನ್ನು ಬಲ್ಲ ಮೂವರು.

ನೆಲಕ್ಕಿಳಿದು ಕಲಿಸುವ ಪರಂಪರೆ ನಮ್ಮಲ್ಲಿ ಇಲ್ಲವೆಂದೇನೂ ಅಲ್ಲ. ಟಿ.ಎ. ಪೈ ಅವರ ಕನಸಿನ ಕೂಸಾಗಿ 1980ರಲ್ಲಿ ಮಣಿಪಾಲದಲ್ಲಿ ಆರಂಭವಾದ ಟ್ಯಾಪ್‌ಮಿ ಸಂಸ್ಥೆಯ ವಿದ್ಯಾರ್ಥಿಗಳು ನಡೆಸುತ್ತ ಬಂದ ಬ್ರಾಂಡ್ ಸ್ಕ್ಯಾನ್ ಎಂಬ ಮೇಳವನ್ನೇ ನೋಡಬಹುದು. ಜನ ಬಂದು ಆಟ ಆಡುತ್ತಾರೆ, ಬಹುಮಾನ ಗೆಲ್ಲುತ್ತಾರೆ. ಆ ಆಟಗಳ ಮರೆಯಲ್ಲಿ ಗ್ರಾಹಕರ ಆಯ್ಕೆ, ಅಭಿರುಚಿಗಳ ಸಮೀಕ್ಷೆ ನಡೆದಿರುತ್ತದೆ. ಪ್ರಶ್ನಾವಳಿ ಹಿಡಿದು ಹೋದರೆ ಸಿಗದ ಉತ್ತರ ಆಟದಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಕೋಟು ಕಳಚಿಟ್ಟು ಜನರ ನಡುವೆ ನಿಲ್ಲುವುದನ್ನು ಅದು ಕಲಿಸುತ್ತದೆ.

ಪ್ರತಿ ಜಿಲ್ಲೆಯಲ್ಲೂ ಕೇಸ್‌ಗಳು ಬಿದ್ದಿವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಬ್ಯಾಡಗಿಯ ಮೆಣಸಿನಕಾಯಿ ವಹಿವಾಟು, ಚನ್ನಪಟ್ಟಣದ ಬೊಂಬೆ, ಇಳಕಲ್ಲಿನ ಸೀರೆ, ಮಲೆನಾಡಿನ ಅಡಿಕೆ ಸಹಕಾರ ಸಂಘ. ಮಹಿಳೆಯರ ಉಚಿತ ಪ್ರಯಾಣಕ್ಕಾಗಿ 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯ ಬಳಿಕ ಸಾರಿಗೆ ನಿಗಮಗಳ ಆದಾಯ ವೆಚ್ಚದ ಪ್ರಶ್ನೆ ಒಂದೇ ಸಾಕು, ಒಂದು ಸೆಮಿಸ್ಟರ್ ಚರ್ಚೆಗೆ. ವಿದ್ಯಾರ್ಥಿ ಇಂಥ ಕಡೆ ಎರಡು ದಿನ ಕಳೆದು, ಕೇಸನ್ನು ತಾನೇ ಬರೆದು ತಂದರೆ ಮಿಂಟ್ಸ್‌ಬರ್ಗ್ ಎತ್ತಿದ ಆಕ್ಷೇಪದ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ಮಂಡಿಸುವ ಭಾಷೆ ಕನ್ನಡವೋ ಇಂಗ್ಲಿಷೋ ಎಂಬುದನ್ನು ತಂಡಕ್ಕೇ ಬಿಟ್ಟರೆ ನಷ್ಟವೇನೂ ಇಲ್ಲ. ರೇಷ್ಮೆಗೂಡಿನ ಹರಾಜು ಯಾವ ಭಾಷೆಯಲ್ಲಿ ನಡೆಯುತ್ತದೆಯೋ ಆ ಭಾಷೆಯಲ್ಲಿ ಅದರ ಲೆಕ್ಕ ಹೇಳಲು ನಾಚಿಕೆಯೇಕೆ?

ತೀರ್ಪು ನೀಡುವ ಕ್ರಮವೂ ಬದಲಾಗಬೇಕು. ಅಂಕಗಳಲ್ಲಿ ಅರ್ಧದಷ್ಟಾದರೂ ಪ್ರಶ್ನೋತ್ತರಕ್ಕೆ ಮೀಸಲಾಗಲಿ. ತೀರ್ಪುಗಾರರ ಸಾಲಿನಲ್ಲಿ ಪ್ರಾಧ್ಯಾಪಕರು ಮತ್ತು ಕಂಪನಿ ಅಧಿಕಾರಿಗಳ ಜತೆ ಸಂಘದ ಕಾರ್ಯದರ್ಶಿಯೋ, ಮಂಡಿಯ ವರ್ತಕರೋ, ಡಿಪೋ ವ್ಯವಸ್ಥಾಪಕರೋ ಒಬ್ಬರಿರಲಿ. ಸೋತ ತಂಡಕ್ಕೆ ಎಲ್ಲಿ ಎಡವಿದಿರಿ ಎಂದು ಹದಿನೈದು ನಿಮಿಷ ಕೂತು ಹೇಳುವ ಪದ್ಧತಿ ಬರಲಿ. ಬಹುತೇಕ ಸ್ಪರ್ಧೆಗಳಲ್ಲಿ ಫಲಿತಾಂಶ ಹೇಳಿ, ಫೋಟೊ ತೆಗೆಸಿಕೊಂಡು, ದೀಪ ಆರಿಸುತ್ತಾರೆ. ಸೋತವರಿಗೆ ಕಲಿಯಲು ಏನೂ ಸಿಗುವುದಿಲ್ಲ. ಪ್ರತಿ ಸ್ಪರ್ಧೆಯಲ್ಲೂ ಗೆದ್ದವರಿಗಿಂತ ಸೋತವರ ಸಂಖ್ಯೆಯೇ ಹೆಚ್ಚು ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೂ ಒಂದು ಮಾತು. ವರ್ಷಕ್ಕೆ ಇಪ್ಪತ್ತು ಸ್ಪರ್ಧೆಗಳಿಗೆ ಅರ್ಜಿ ಹಾಕಿ ಎಲ್ಲದಕ್ಕೂ ಒಂದೇ ಅಚ್ಚು ಒತ್ತುವುದಕ್ಕಿಂತ ಎರಡರಲ್ಲಿ ಮನಸ್ಸಿಟ್ಟು ದುಡಿಯುವುದು ಲೇಸು. ನೌಕರಿಯ ಆಸೆ ತಪ್ಪಲ್ಲ. ಸಾಲ ಮಾಡಿ ಓದುವವರಿಗೆ ಆ ಆಸೆ ಇರಲೇಬೇಕು. ಆದರೆ ಕೆಲಸ ಸಿಕ್ಕ ಆರು ತಿಂಗಳಿಗೆ ಸ್ಲೈಡು ಮರೆತುಹೋಗುತ್ತದೆ. ಸಭೆಯಲ್ಲಿ ಉತ್ತರ ತಿಳಿಯದೆ ನಿಂತ ಆ ಗಳಿಗೆ ಮರೆಯುವುದಿಲ್ಲ. ಅದು ಮುಂದಿನ ತೀರ್ಮಾನಗಳನ್ನು ಕಾಯುತ್ತದೆ.

ಎರಡನೇ ಬಹುಮಾನ ಪಡೆದ ಆ ವಿದ್ಯಾರ್ಥಿನಿ ಮುಂದಿನ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಬಂದರಂತೆ. ಬೆಳಗಿನ ಜಾವ ಸಂಘದ ಮುಂದೆ ನಿಂತು, ಹಾಲಿನ ಜಿಡ್ಡು ಅಳೆಯುವುದನ್ನೂ ಪುಸ್ತಕದಲ್ಲಿ ಬರೆಯುವುದನ್ನೂ ನೋಡಿದರಂತೆ. ತೀರ್ಪುಗಾರರ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆಯೇ ಎಂದು ದೂರವಾಣಿಯಲ್ಲಿ ಕೇಳಿದಾಗ, ಉತ್ತರ ಸಿಕ್ಕಿಲ್ಲ, ಆದರೆ ಆ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯಿತು ಎಂದರು. ಎರಡು ವರ್ಷದ ಎಂಬಿಎ ಇಷ್ಟನ್ನು ಎಲ್ಲರಿಗೂ ಕಲಿಸುವಂತಾದರೆ ಅದು ಸಣ್ಣ ಸಾಧನೆಯೇನಲ್ಲ.